ತರಾನೆ ಕೇಳದ ಪ್ರಶ್ನೆ

ನೆಬ್ರಾಸ್ಕಾ
೮ ಫೆಬ್ರವರಿ ೨೦೧೫

ಪ್ರೀತಿಯ ಮಹ್ವಶ್ ಅಕ್ಕನಿಗೆ,

ನಿನ್ನ ತಂಗಿ ಗುಲ್ನಾರ್ ಇಲ್ಲಿಂದಲೇ ನಿನ್ನ ಎರಡೂ ಕೆನ್ನೆಗೆ ಮುತ್ತಿಡುತ್ತಾಳೆ. ಉತ್ತರ ತಡವಾಯಿತು, ಬೈಯಬೇಡ. ಬೈಯಲೇಬೇಕೆಂದಿದ್ದರೆ ಪತ್ರ ಪೂರ್ತಿ ಓದಿ ಬೈಯಿ. ಕಾರಣಗಳು ಇನ್ನಷ್ಟು ಸಿಗುತ್ತವೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ನಮ್ಮ ಮನೆಯಲ್ಲಿ ಫೋನೆಂದರೆ ಸಾರ್ವಜನಿಕ ಸಭೆ. ಹೆತ್ತ ತಾಯಿಯೆಂದು ಮಾಮಾನ್‌ದು ಅಧ್ಯಕ್ಷತೆ, ಹೂಶಂಗ್ ಭಾವನದು ಸ್ವಾಗತ ಭಾಷಣ, ನಿನ್ನ ಮಗಳು ತರಾನೆಯದು ವಂದನಾರ್ಪಣೆ. ಅಂಥ ಸಭೆಯಲ್ಲಿ ಅಕ್ಕತಂಗಿಯರ ಗುಟ್ಟಿಗೆ ಸಮಯ ಎಲ್ಲಿದೆ? ಇಲ್ಲಿನ ವಫಾಯಿ ಖಾನುಮ್ ಮಗನ ಮನೆಯಿಂದ ನಮ್ಮೂರು ಹಮದಾನಿಗೆ ಮರಳುತ್ತಿದ್ದಾರೆ. ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅಡುಗೆಮನೆಯಲ್ಲಿ ಒಬ್ಬಳೇ ಕೂತು ಓದು.

ತರಾನೆಯ ಪ್ರಶ್ನೆಗಳು ತಲುಪಿದವು. ಅಮೆರಿಕದ ವಿದ್ಯಾರ್ಥಿ ವೀಸಾ ಹೇಗೆ ಸಿಗುತ್ತದೆ, ಸಿಕ್ಕ ಮೇಲೆ ಹೇಗೆ ಉಳಿಯುತ್ತದೆ ಎಂದು ಹುಡುಗಿ ವಕೀಲಳಂತೆ ಪಾಟೀಸವಾಲು ಹಾಕಿದ್ದಾಳೆ. ನಮ್ಮ ಬಾಬಾ ಭೂಗೋಳದ ಮೇಷ್ಟ್ರಾದರೆ ಅವರ ಮೊಮ್ಮಗಳಿಗೆ ಭೂಗೋಳವನ್ನೇ ಸುತ್ತುವ ಹಂಬಲ.

ಸಿಗುವ ವಿಷಯ ಮೊದಲು ಹೇಳುತ್ತೇನೆ. ಆ ದೇಶದ ಕಚೇರಿ ನಮ್ಮ ದೇಶದಲ್ಲಿಲ್ಲವಾದ್ದರಿಂದ, ಅವರ ಮನೆಗೆ ಬರಲೇ ಎಂದು ಕೇಳುವುದಕ್ಕೂ ಪಕ್ಕದವರ ಅಂಗಳಕ್ಕೆ ಹೋಗಬೇಕು. ನಾನೂ ಬಾಬಾನೂ ಬಸ್ಸಿನಲ್ಲಿ ಅಂಕಾರಾಕ್ಕೆ ಹೋಗಿದ್ದು ನೆನಪಿದೆಯಲ್ಲ? ದಾರಿಯುದ್ದಕ್ಕೂ ಬಾಬಾ ವೀಸಾ ಅಧಿಕಾರಿಯ ಪಾತ್ರ ಹಾಕಿದ್ದರು. ಓದು ಮುಗಿಸಿ ವಾಪಸ್ ಬರ್ತೀಯೇನಮ್ಮ ಎಂದು ಕೇಳುವುದು, ನಾನು ಬರ್ತೀನಿ ಎಂದರೆ ನಂಬದವರಂತೆ ಕನ್ನಡಕದ ಮೇಲಿಂದ ನೋಡುವುದು. ಪಕ್ಕದ ಸೀಟಿನ ತುರ್ಕಿ ಅಜ್ಜಿ ನನ್ನನ್ನು ಓಡಿಹೋದ ಸೊಸೆ ಎಂದು ತಿಳಿದು ಕನಿಕರದಿಂದ ಒಣದ್ರಾಕ್ಷಿ ಕೊಟ್ಟಳು.

ಇಷ್ಟು ತಾಲೀಮು ಮಾಡಿಯೂ ನಾನು ಎಡವಿದ್ದು ಪ್ರಶ್ನೆಯಲ್ಲದ ಮಾತಿನಲ್ಲಿ. ಗಾಜಿನ ಆಚೆ ಕೂತಿದ್ದ ಹೆಂಗಸು ನಗುತ್ತಾ ನನ್ನ ವೈಡೂರ್ಯದ ಉಂಗುರ ಚೆನ್ನಾಗಿದೆ ಎಂದಳು. ನಮ್ಮವರ ಮರ್ಯಾದೆ ನಿನಗೆ ಗೊತ್ತಲ್ಲ, ಯಾರಾದರೂ ಹೊಗಳಿದರೆ ಅದು ನಿಮ್ಮದೇ ಅನ್ನಬೇಕು, ಅವರು ಬೇಡ ಅನ್ನಬೇಕು. ನಾನು ಉಂಗುರ ಕಳಚುತ್ತಾ, ‘ನಿಮಗಿಂತ ಹೆಚ್ಚೇ, ತಗೊಳ್ಳಿ’ ಎಂದುಬಿಟ್ಟೆ. ಅವಳ ನಗು ಅಲ್ಲೇ ಮುಚ್ಚಿಕೊಂಡಿತು. ಉಂಗುರವನ್ನು ಬೆರಳಿನಲ್ಲೇ ಇಟ್ಟುಕೊಳ್ಳಿ ಎಂದು ಹೇಳಿ ಏನೋ ಬರೆದುಕೊಂಡಳು. ಆಮೇಲೆ ನನ್ನ ಮೇಲೆ ಅರ್ಧ ವರ್ಷ ವಿಚಾರಣೆ ನಡೆಯಿತು. ಗೋಧಿಗೆ ಬರುವ ತುಕ್ಕುರೋಗ ಓದಲು ಹೊರಟವಳ ಮೇಲೆ ಲಂಚದ ಅನುಮಾನ.

ಹೊರಗೆ ಚಳಿಯಲ್ಲಿ ಕಾಯುತ್ತಿದ್ದ ಬಾಬಾಗೆ ನಡೆದದ್ದು ಹೇಳಿದೆ. ಅವರು, ‘ಸದ್ಯ, ನಿನ್ನ ಹಲ್ಲು ಚೆನ್ನಾಗಿದೆ ಅನ್ನಲಿಲ್ಲವಲ್ಲ’ ಎಂದರು. ಆದ್ದರಿಂದ ತರಾನೆಗೆ ಹೇಳು: ಅಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು, ಹೊಗಳಿದರೆ ಥ್ಯಾಂಕ್ಸ್ ಅಂದು ಸುಮ್ಮನಾಗಬೇಕು.

ಇನ್ನು ಉಳಿಸಿಕೊಳ್ಳುವುದು. ಪಾಠಗಳನ್ನು ಪೂರ್ತಿ ತೆಗೆದುಕೊಳ್ಳಬೇಕು, ಕಷ್ಟವೆಂದು ಒಂದನ್ನು ಕೈಬಿಡಬೇಕೆಂದರೂ ಮೊದಲು ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಒಪ್ಪಿಗೆ ಪಡೆಯಬೇಕು. ಅನುಮತಿಯಿಲ್ಲದೆ ಕ್ಯಾಂಪಸ್ಸಿನ ಹೊರಗೆ ದುಡಿಯುವ ಹಾಗಿಲ್ಲ. ಪಿಜ್ಜಾ ಅಂಗಡಿಯಲ್ಲಿ ತಟ್ಟೆ ತೊಳೆದರೂ ತಪ್ಪು. ಮನೆ ಬದಲಾಯಿಸಿದರೆ ಹತ್ತು ದಿನದೊಳಗೆ ತಿಳಿಸಬೇಕು. ಮನಸ್ಸು ಬದಲಾಯಿಸಿದರೆ ಯಾರಿಗೂ ತಿಳಿಸಬೇಕಿಲ್ಲ. ಈ ಕೊನೆಯ ವಾಕ್ಯವನ್ನು ಮಗಳಿಗೆ ಓದಿ ಹೇಳಬೇಡ.

ಪಟ್ಟಿಯ ತುದಿಯಲ್ಲಿದ್ದ ಪ್ರಶ್ನೆ ಮಾತ್ರ ತರಾನೆಯದಲ್ಲ. ‘ಮನೆಯಲ್ಲಿ ಏನಾದರೂ ಆದರೆ, ನಡುವೆ ಊರಿಗೆ ಬಂದು ಹೋಗಲು ಬಿಡುತ್ತಾರೆಯೇ?’ ಹೋಗುವ ಮುಂಚೆ ಬರುವುದನ್ನು ಚಿಂತಿಸುವ ಹದಿನೆಂಟರ ಹುಡುಗಿ ಹಮದಾನಿನಲ್ಲಿ ಇನ್ನೂ ಹುಟ್ಟಿಲ್ಲ. ಅದು ನಿನ್ನ ಪ್ರಶ್ನೆ, ಅಕ್ಕ. ಕೇಳಿರುವುದೂ ತರಾನೆಗಾಗಿ ಅಲ್ಲ, ನನಗಾಗಿ.

ಉತ್ತರ ಹೇಳುತ್ತೇನೆ. ನನಗೆ ಸಿಕ್ಕಿದ್ದು ಒಂದೇ ಸಲ ಒಳಗೆ ಬಿಡುವ ವೀಸಾ. ಆ ಸಲ ನಾಲ್ಕು ವರ್ಷದ ಹಿಂದೆ, ವಿಮಾನ ಇಳಿದ ದಿನವೇ ಮುಗಿಯಿತು. ಓದುತ್ತಿರುವಷ್ಟು ಕಾಲ ನಾನು ಇಲ್ಲಿ ಕಾನೂನಿನ ಪ್ರಕಾರ ಇರಬಹುದು. ಹೊರಗೆ ಕಾಲಿಟ್ಟರೆ ಮಾತ್ರ ಮತ್ತೆ ಅಂಕಾರಾ, ಮತ್ತೆ ಗಾಜಿನ ಕಿಟಕಿ, ಮತ್ತೆ ವಿಚಾರಣೆ. ನನ್ನ ಸ್ಥಿತಿಗತಿ ಕೇಳುತ್ತೀಯಲ್ಲ ಯಾವಾಗಲೂ? ಸ್ಥಿತಿ ಇದೆ, ಗತಿ ಇಲ್ಲ.

ನಮ್ಮ ಪ್ರಯೋಗಾಲಯದ ಬೆಹ್ನಾಮ್ ಹೋದ ಬೇಸಿಗೆಯಲ್ಲಿ ಅಣ್ಣನ ಮದುವೆಗೆಂದು ತಬ್ರೀಜಿಗೆ ಹೋದ. ಎರಡು ವಾರಕ್ಕೆಂದು ಹೋದವನು ಈಗಲೂ ಪಕ್ಕದ ದೇಶದ ಯೆರೆವಾನಿನ ಬಾಡಿಗೆ ಕೋಣೆಯಲ್ಲಿ ವೀಸಾ ಕಾಯುತ್ತಿದ್ದಾನೆ. ಅವನ ಗೋಧಿ ಸಸಿಗಳು ಒಣಗಿದವು, ಅವನ ಮೇಜಿಗೆ ಬೇರೊಬ್ಬರು ಬಂದರು, ಅಣ್ಣನ ಹೆಂಡತಿ ಬಸುರಿಯಾದಳು. ಎಲ್ಲರ ಬದುಕೂ ಮುಂದೆ ಹೋಯಿತು, ಅವನ ಅರ್ಜಿಯೊಂದನ್ನು ಬಿಟ್ಟು.

ಇದನ್ನೆಲ್ಲ ಇಲ್ಲಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಹೆಂಗಸಿನ ಬಳಿ ಹೇಳಿಕೊಂಡೆ. ಒಳ್ಳೆಯವಳು, ಮೇಜಿನ ಮೇಲೆ ಮಿಠಾಯಿ ಇಟ್ಟಿರುತ್ತಾಳೆ. ನೀನು ಯಾವಾಗ ಬೇಕಾದರೂ ಹೋಗಬಹುದು, ಯಾರೂ ತಡೆಯುವುದಿಲ್ಲ ಎಂದಳು. ನಿಜ, ಯಾರೂ ತಡೆಯುವುದಿಲ್ಲ. ಹೋಗುವಾಗ ಬಾಗಿಲು, ಬರುವಾಗ ಗೋಡೆ. ನನ್ನ ಪ್ರಬಂಧದ ಮೌಖಿಕ ಪರೀಕ್ಷೆ ಮೇ ತಿಂಗಳಲ್ಲಿ. ಈಗ ಹೊರಟರೆ ಇಷ್ಟು ವರ್ಷದ ಓದು ಅರ್ಧಕ್ಕೆ ಬೀಳುತ್ತದೆ. ಹೊರಡದಿದ್ದರೆ ಏನು ಬೀಳುತ್ತದೆ ಎಂದು ನಿನಗೆ ನಾನು ಬರೆಯಬೇಕಿಲ್ಲ. ತುಕ್ಕು ಹಿಡಿದ ಗೋಧಿಯ ಎಲೆಗಳನ್ನು ದಿನವೂ ಎಣಿಸುತ್ತೇನೆ. ನನಗೆಷ್ಟು ಹಿಡಿದಿದೆ ಎಂದು ನೋಡುವವರಿಲ್ಲ.

ಹೋದ ಶುಕ್ರವಾರ ಫೋನಿನಲ್ಲಿ ‘ಬಾಬಾಗೆ ಕೊಡೇ’ ಎಂದೆ.

‘ಸಂಗಕ್ ರೊಟ್ಟಿ ತರೋಕೆ ಈಗಷ್ಟೇ ಹೋದ್ರು ಕಣೇ. ಬೇಕರಿ ಮುಂದೆ ಎಷ್ಟು ಜನ ಅಂತೀಯ’ ಎಂದೆ ನೀನು.

ಹಿಂದಿನ ವಾರ ಹಮಾಮಿಗೆ ಸ್ನಾನಕ್ಕೆ ಹೋಗಿದ್ದರು, ಅದರ ಹಿಂದಿನ ವಾರ ಹಳೆಯ ಶಿಷ್ಯನ ಮನೆಯ ಔತಣಕ್ಕೆ. ಇಷ್ಟು ತಿರುಗಾಡುವ ಮುದುಕನನ್ನು ನಮ್ಮ ಬೀದಿ ಕಂಡಿಲ್ಲ. ನಾನು ನಕ್ಕೆ, ನೀನೂ ನಕ್ಕೆ. ಮಾಮಾನ್ ಹಿಂದಿನಿಂದ ‘ಊಟ ಮಾಡಿದ್ಯೇನೇ?’ ಎಂದು ಕೇಳಿದರು. ಮಾಡಿದೆ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದರು. ಮತ್ತೆ ಮಾಡಿದೆ ಎಂದೆ.

ನೌರೋಜ್ ಹಬ್ಬಕ್ಕೆ ಮನೆಗೆ ಹೊಸ ವರ್ಷ ಹಗುರವಾಗಿ ಬರಲಿ. ತರಾನೆಗೆ ಅವಳು ಕೇಳಿದ ದೇಶ ಸಿಗಲಿ, ಬೇಕೆಂದಾಗ ಊರೂ ಸಿಗಲಿ. ಮಾಮಾನ್ ಕಾಲು ನೋವಿಗೆ ಮುಲಾಮು ಕಳಿಸಿದ್ದೇನೆ, ಹಚ್ಚಿಸಿಕೊಳ್ಳಲು ಒಪ್ಪದಿದ್ದರೆ ಗದರಿಸಿ ಹಚ್ಚು. ದೇವರು ನಿನ್ನ ಕೈಗಳಿಗೆ ಶಕ್ತಿ ಕೊಡಲಿ.

ನಿನ್ನ ತಂಗಿ,
ಗುಲ್ನಾರ್

ಮರೆತ ಮಾತು:

ಮರೆತದ್ದೇನಲ್ಲ, ಮೇಲೆ ಬರೆಯಲು ಆಗಲಿಲ್ಲ.

ಮಹ್ವಶ್, ಬಾಬಾ ಇಲ್ಲವೆಂದು ನನಗೆ ಗೊತ್ತು. ನವೆಂಬರಿನಿಂದ ಗೊತ್ತು. ದಿನಕ್ಕೆರಡು ಸಲ ಗಡ್ಡ ಬೋಳಿಸುವ ಹೂಶಂಗ್ ಭಾವ ವಾರಗಟ್ಟಲೆ ಗಡ್ಡ ಬಿಟ್ಟು, ಈಗ ಇದೇ ಫ್ಯಾಶನ್ ಎಂದು ನಕ್ಕಾಗ ಅನುಮಾನ ಬಂತು. ಮಾಮಾನ್ ಹಳದಿ ಸ್ವೆಟರ್ ಹಾಕಿ ಫೋನಿನ ಪರದೆಯ ಮೇಲೆ ಬಂದರಲ್ಲ, ಅದರ ಕಂಕುಳಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ನನಗೆ ಶೋಕದ ಕಪ್ಪು ಕಾಣಬಾರದೆಂದು ಅದನ್ನು ಯಾರು ಕೊಂಡು ತಂದಿರಿ? ನೀನೇ ಇರಬೇಕು.

ನಿಮ್ಮ ಮೇಲೆ ಸಿಟ್ಟಿಲ್ಲ. ದೂರದಲ್ಲಿರುವವರಿಗೆ ಸಾವು ತಿಳಿಸಬಾರದು, ಓದು ಕೆಡುತ್ತದೆ ಎಂದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಅಜ್ಜಿ ಸತ್ತಾಗ ಜರ್ಮನಿಯಲ್ಲಿದ್ದ ಚಿಕ್ಕಪ್ಪನಿಗೆ ಅಜ್ಜಿ ಮಲಗಿದ್ದಾಳೆ ಎಂದು ಫೋನಿನಲ್ಲಿ ಹೇಳಲು ಮನೆಯವರು ನನ್ನನ್ನೇ ನಿಲ್ಲಿಸಿದ್ದರು. ನನಗಾಗ ಒಂಬತ್ತು ವರ್ಷ, ಚೆನ್ನಾಗಿ ಹೇಳಿದೆನೆಂದು ಮೆಚ್ಚಿಕೊಂಡರು.

ನನ್ನನ್ನು ತಿನ್ನುತ್ತಿರುವುದು ಬೇರೆ. ತಿಳಿದ ರಾತ್ರಿ ಮೊದಲು ಬಂದದ್ದು ದುಃಖವಲ್ಲ. ಮನೆಯವರು ಹೇಳಿಲ್ಲವಲ್ಲ, ಹಾಗಾದರೆ ನಾನು ಹೋಗಬೇಕಿಲ್ಲ ಎಂಬ ಸಮಾಧಾನ. ತಿಳಿಯದ ಮಗಳು ಬರಲಿಲ್ಲವೆಂದರೆ ಪಾಪ ಎನ್ನುತ್ತಾರೆ. ತಿಳಿದೂ ಬರದವಳನ್ನು ಏನೆನ್ನುತ್ತಾರೆ? ಅದಕ್ಕೇ ಪ್ರತಿ ಶುಕ್ರವಾರ ಬಾಬಾ ಎಲ್ಲಿ ಎಂದು ಕೇಳುತ್ತೇನೆ. ಸುಳ್ಳು ಹೇಳುತ್ತಿರುವವಳು ನೀನೆಂದು ಕೊರಗಬೇಡ. ನಿನ್ನಿಂದ ಹೇಳಿಸುತ್ತಿರುವವಳು ನಾನು.

ನನಗೆ ಗೊತ್ತಿದೆಯೆಂದು ಮಾಮಾನ್‌ಗೆ ಹೇಳಬೇಡ. ಮೇ ಕಳೆಯಲಿ. ಆಮೇಲೆ ನಾನು ಬರುತ್ತೇನೆ, ಮತ್ತೆ ಇಲ್ಲಿಗೆ ಬಿಡುತ್ತಾರೋ ಇಲ್ಲವೋ ನೋಡದೆ ಬರುತ್ತೇನೆ. ನಾನು ಹೊಸ್ತಿಲು ದಾಟುವ ಮುಂಚೆ ನೀನು ನನ್ನ ಕೈ ಹಿಡಿದು, ಏನೂ ಗೊತ್ತಿಲ್ಲದವಳಿಗೆ ಹೇಳುವ ಹಾಗೆ ಹೇಳು. ಅವಸರ ಮಾಡಬೇಡ, ಮೊದಲಿನಿಂದ ಹೇಳು. ಇಲ್ಲಿ ನಾನು ಇನ್ನೂ ಅತ್ತಿಲ್ಲ.