ಒಂದೇ ಥಾನಿನ ಎರಡು ಬಾವುಟ

‘ಬಸ್ಸಿಳಿದು ಬೆಟ್ಟಕ್ಕೆ’ ನಡಿಗೆ ಯೋಜನೆಯ ಮೇಲಧಿಕಾರಿಗಳಿಗೆ, ಮಳವಳ್ಳಿ ಪೇಟೆಯ ದರ್ಜಿಯೊಬ್ಬನಿಂದ

ಮಾನ್ಯರೇ,

ನಿಮ್ಮ ಕೈಪಿಡಿ ನನ್ನ ಗೆಳೆಯ ಶಿವರಾಮುವನ್ನು ಕೊಂದಿದೆ. ಆ ಸಾವನ್ನು ನಿಮ್ಮ ತನಿಖಾ ವರದಿ ಕಲ್ಲುಕ್ವಾರಿಯ ಕೂಲಿಯಾಳು ಸಿದ್ದರಾಜುವಿನ ತಲೆಗೆ ಕಟ್ಟಿದೆ. ಆ ಸಿದ್ದರಾಜುವಿನ ದವಡೆ ಮುರಿದವರಲ್ಲಿ ನಾನೂ ಒಬ್ಬ. ಮೂರನ್ನೂ ಮೊದಲೇ ಹೇಳಿಬಿಡುತ್ತಿದ್ದೇನೆ. ತಮ್ಮ ಕಚೇರಿಯಲ್ಲಿ ಯಾವ ಅರ್ಜಿಯನ್ನೂ ಎರಡನೇ ಪ್ಯಾರಾದವರೆಗೆ ಓದುವ ರೂಢಿಯಿಲ್ಲವೆಂದು ಕೇಳಿದ್ದೇನೆ.

ಯೋಜನೆಯೇ ಕೆಟ್ಟದ್ದು ಎನ್ನುತ್ತಿಲ್ಲ. ಕಾರಿಲ್ಲದವರೂ ಸರ್ಕಾರಿ ಬಸ್ಸು ಹತ್ತಿ, ಊರಾಚೆ ಇಳಿದು, ನಾಲ್ಕು ಮೈಲಿ ನಡೆದು, ಮತ್ತೆ ಬಸ್ಸು ಹಿಡಿದು ಊಟದ ಹೊತ್ತಿಗೆ ಮನೆ ಸೇರಲಿ ಎಂಬುದು ಒಳ್ಳೆಯ ಯೋಚನೆಯೇ. ಶಿವರಾಮು ನನ್ನ ಪಕ್ಕದ ಮಳಿಗೆಯಲ್ಲಿ ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು. ಸಕ್ಕರೆ ಕಾಯಿಲೆಗೆ ಡಾಕ್ಟರು ನಡಿಗೆ ಹೇಳಿದಾಗ ನಿಮ್ಮ ಕೈಪಿಡಿ ತಂದವನು ಅವನೇ. ಮೊದಲ ವಾರ ಹನಕೆರೆಯಲ್ಲಿ ಇಳಿದು ನಾಲೆ ಏರಿಯ ಮೇಲೆ ಕಬ್ಬಿನ ಗದ್ದೆಗಳ ನಡುವೆ ನಡೆದೆವು. ಇಷ್ಟು ವರ್ಷ ಗೂಡಂಗಡಿಯೊಳಗೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತು ಏನು ಸಾಧಿಸಿದೆವೋ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ. ಎರಡನೇ ದಾರಿಯನ್ನು ಆರಿಸಿದವನೂ ಅವನೇ.

ಆ ದಾರಿ ನಿಮ್ಮ ಕೈಪಿಡಿಯ ಒಂಬತ್ತನೇ ಪುಟದಲ್ಲಿದೆ. ಬೆಳಕವಾಡಿ ರಸ್ತೆಯಲ್ಲಿ ಇಳಿದು, ಕರಡಿಗುಡ್ಡ ಹತ್ತಿ, ಹಿಂಬದಿಯಿಂದ ಇಳಿದು ಒಂದೂಕಾಲರ ಬಸ್ಸು ಹಿಡಿಯಬೇಕು. ಅದು ತಪ್ಪಿದರೆ ಸಂಜೆ ಐದರವರೆಗೆ ಇನ್ನೊಂದಿಲ್ಲ. ಇಷ್ಟನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ. ಗುಡ್ಡದ ಹಿಂಬದಿಯಲ್ಲಿ ಕಲ್ಲುಕ್ವಾರಿ ಇದೆ, ಆಳುಗಳು ಊಟಕ್ಕೆ ಹೋದ ಮೇಲೆ ಸರಿಯಾಗಿ ಒಂದು ಗಂಟೆಗೆ ಬಂಡೆಗೆ ಮದ್ದಿಟ್ಟು ಸಿಡಿಸುತ್ತಾರೆ ಎಂಬುದನ್ನು ಮಾತ್ರ ಸಣ್ಣಕ್ಷರದಲ್ಲೂ ಹಾಕಿಸಿಲ್ಲ. ಆ ಜಾಗದಲ್ಲಿ ಒಂದು ಹಳದಿ ಹೂವಿನ ಚಿತ್ರವಿದೆ. ಈ ದಾರಿ ಬರೆದ ಮಹನೀಯರು ಅದರಲ್ಲಿ ಒಮ್ಮೆಯಾದರೂ ಕಾಲಿಟ್ಟಿದ್ದರೇ? ಅಥವಾ ಫ್ಯಾನಿನ ಕೆಳಗೆ ಕುಳಿತು ನಕಾಶೆಯ ಮೇಲೆ ಬೆರಳಾಡಿಸಿದರೇ?

ಈಗ ಬಾವುಟದ ಮಾತು. ಆ ಕ್ವಾರಿಗೆ ಹನ್ನೆರಡು ವರ್ಷದಿಂದ ಕೆಂಪು ಬಾವುಟ ಹೊಲಿದುಕೊಡುತ್ತಿರುವವನು ನಾನು. ಬಿಸಿಲಿಗೆ ಬಣ್ಣ ಹೋದಾಗಲೆಲ್ಲ ಸಿದ್ದರಾಜು ಅಂಗಡಿಗೆ ಬಂದು ಹೊಸದು ಒಯ್ಯುತ್ತಿದ್ದ; ಕ್ವಾರಿ ಗುಡ್ಡದ ಯಾವ ಬದಿಗಿದೆ, ಎಷ್ಟು ಹೊತ್ತಿಗೆ ಸಿಡಿಸುತ್ತಾರೆ ಎಂದು ನಾನು ಕಂಡವನಲ್ಲ. ಅವನ ಕೆಲಸವೇ ಅದು: ಸಿಡಿಸುವ ಮೊದಲು ಕಾಲುದಾರಿಗೆ ಬಾವುಟ ನೆಡುವುದು, ಮೂರು ಸಲ ಸೀಟಿ ಊದುವುದು. ಸುತ್ತಲಿನ ಹಳ್ಳಿಯಲ್ಲಿ ದನ ಮೇಯಿಸುವವರೆಲ್ಲ ಕೆಂಪು ಕಂಡರೆ ನಿಂತಲ್ಲೇ ನಿಲ್ಲುತ್ತಿದ್ದರು. ಹೋದ ವರ್ಷ ನಿಮ್ಮ ಕಚೇರಿಯವರು ಬಂದು ಇನ್ನೂರು ಬಾವುಟ ಬೇಕೆಂದರು. ದಾರಿ ತೋರಿಸಲು, ಮರ ಮರಕ್ಕೆ ಕಟ್ಟಲು. ಬಣ್ಣ ಕೆಂಪು.

ನಾನು ಹೇಳಿದೆ, ಮಾನ್ಯರೇ. ಗುಡ್ಡದ ಕಡೆ ಕೆಂಪು ಅಂದರೆ ನಿಲ್ಲು ಎಂದರ್ಥ, ಹಳದಿ ಹೊಲಿದುಕೊಡಲೇ ಎಂದು ಕೇಳಿದೆ. ಆದೇಶದಲ್ಲಿ ಕೆಂಪು ಎಂದಿದೆ, ನಿಮ್ಮ ಕೆಲಸ ಹೊಲಿಯುವುದು, ಬಣ್ಣ ಹೇಳುವುದಲ್ಲ ಎಂದು ಉತ್ತರ ಬಂತು. ನಾನು ಬಾಯಿ ಮುಚ್ಚಿಕೊಂಡು ಹೊಲಿದೆ. ಕ್ವಾರಿಗೆ ಕತ್ತರಿಸಿದ ಥಾನಿನಲ್ಲೇ ಮಿಕ್ಕ ಬಟ್ಟೆಯನ್ನು ನಿಮಗೂ ಕತ್ತರಿಸಿದೆ. ‘ಕೆಂಪು ಬಾವುಟ ಕಂಡತ್ತ ಮುನ್ನಡೆಯಿರಿ’ ಎಂದು ನೀವು ಅಚ್ಚು ಹಾಕಿಸಿದಿರಿ.

ಆ ಮಂಗಳವಾರ ಗುಡ್ಡ ಇಳಿಯುವಾಗ ಒಂದಕ್ಕೆ ಐದೇ ನಿಮಿಷವಿತ್ತು. ನನಗೆ ಮಂಡಿನೋವು, ನೂರು ಹೆಜ್ಜೆ ಹಿಂದಿದ್ದೆ. ದಾರಿ ಎರಡಾಗಿ ಒಡೆಯುವಲ್ಲಿ ನಡುವೆ ಒಂದು ಕೆಂಪು ಬಾವುಟ ನೆಟ್ಟಿತ್ತು. ಅಲ್ಲಿಯವರೆಗೆ ಮೂವತ್ತು ಕೆಂಪು ಬಾವುಟ ದಾಟಿ ಬಂದಿದ್ದೆವು. ಇದು ಮೂವತ್ತೊಂದನೆಯದೆಂದುಕೊಂಡೆವು. ಹೊಲಿದ ನನಗೇ ಗೊತ್ತಾಗಲಿಲ್ಲ. ಆಗ ಕೆಳಗಿನಿಂದ ಸೀಟಿ ಕೇಳಿಸಿತು. ಸೀಟಿ ಕೇಳಿದರೆ ನಮ್ಮ ಕಡೆಯವರಿಗೆ ನೆನಪಾಗುವುದು ಒಂದೇ. ಶಿವರಾಮು ತಿರುಗಿ ನೋಡಿ ಕೂಗಿದ:

“ಕಂಡಕ್ಟ್ರು ಸೀಟಿ ಊದ್ತಾವ್ನೆ ಕಣ್ಲಾ ನಿಜಾಮು. ಬಸ್ಸು ಇವತ್ತು ಮುಂಚೇನೇ ಬಂದ್ಬುಟ್ಟದೆ, ಒಂಟೋಯ್ತದೆ, ಬಿರ್ನೆ ಬಾ. ನಾನು ನಿಲ್ಲುಸ್ತೀನಿ.”

ಅವನು ಓಡಿದ. ಬಾವುಟ ದಾಟಿ, ಸೀಟಿಯ ಕಡೆಗೇ ಓಡಿದ. ನೆಲ ನಡುಗಿತು. ನಾನು ಬೋರಲು ಬಿದ್ದೆ. ಮೇಲೆ ಹೋದ ಕಲ್ಲುಗಳು ಕೆಳಗೆ ಬೀಳುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದರೆ, ನಾನು ಎರಡು ಸಲ ಅವನ ಹೆಸರು ಕೂಗಿದೆ. ಹೋಗಿ ನೋಡಿದಾಗ ಅವನ ಎಡಗೆನ್ನೆ, ಕಣ್ಣು, ಕಿವಿ ಇರಬೇಕಾದಲ್ಲಿ ಏನೂ ಇರಲಿಲ್ಲ. ಬಲಗಾಲು ಮಾತ್ರ ಇನ್ನೂ ಓಡುವಂತೆ ಮಣ್ಣು ಕೆದರುತ್ತಿತ್ತು. ಅದು ನಿಲ್ಲುವವರೆಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಇದು ನಿಮ್ಮ ಮುಂದಿನ ಕೈಪಿಡಿಗೆ ಬೇಕಾಗಬಹುದು. ಹೂವಿನ ಪಕ್ಕ ಹಾಕಿಸಿ.

ಮೊದಲು ಓಡಿ ಬಂದವನು ಸಿದ್ದರಾಜು. ದಾರಿಯಲ್ಲಿ ನೆಟ್ಟಿದ್ದ ಬಾವುಟವನ್ನು ಕಿತ್ತುಕೊಂಡೇ ಬಂದಿದ್ದ, ಅಳುತ್ತಿದ್ದ. ಹಿಂದೆಯೇ ಹಳ್ಳಿಯವರು ಬಂದರು. ಹೆಣ ನೋಡಿದರು, ಕ್ವಾರಿಯವನನ್ನು ನೋಡಿದರು, ಮುಗಿಯಿತು. ಒಬ್ಬ ಕೆನ್ನೆಗೆ ಬಿಟ್ಟ, ಇನ್ನೊಬ್ಬ ಹೊಟ್ಟೆಗೆ ಒದ್ದ, ಬಿದ್ದವನ ಕೈ ಮೇಲೆ ಯಾರೋ ಕಲ್ಲು ಎತ್ತಿ ಹಾಕಿದರು. ನಾನು ಅವನ ಕೈಯಿಂದ ಬಾವುಟದ ಕೋಲು ಕಿತ್ತುಕೊಂಡು ಮುಖಕ್ಕೆ ಬಾರಿಸಿದೆ. ಒಂದಲ್ಲ, ನಾಲ್ಕು. ಮೂಳೆ ಮುರಿದದ್ದು ಅಂಗೈಗೆ ತಿಳಿಯಿತು. ಸುಳ್ಳೇಕೆ ಹೇಳಲಿ, ಆಗ ಹಿತವಾಗಿತ್ತು. ಅವನು ರಕ್ತ ಉಗುಳುತ್ತಾ ಹೇಳಿದ ಮಾತು ಇಷ್ಟೇ:

“ಬಾವುಟ ನೆಟ್ಟಿದ್ದೆ ಕಣಣ್ಣ. ಮೂರು ಕಿತ ಸೀಟಿನೂ ಊದ್ದೆ.”

ಐದನೆಯದಕ್ಕೆ ಕೋಲೆತ್ತಿದಾಗ ಬಟ್ಟೆ ನನ್ನ ಮುಖಕ್ಕೆ ಬಡಿಯಿತು. ಅಂಚಿನಲ್ಲಿ ನನ್ನದೇ ಜೋಡಿ ಹೊಲಿಗೆ. ಅವನು ಮಾಡಬೇಕಾದದ್ದನ್ನೆಲ್ಲ ಮಾಡಿದ್ದ. ಅವನ ಬಾವುಟದ ಅರ್ಥವನ್ನು ನೀವು ಕದ್ದಿದ್ದಿರಿ, ಅದಕ್ಕೆ ಬಟ್ಟೆ ಕೊಟ್ಟವನು ನಾನು.

ಆಮೇಲೆ ತಮ್ಮ ವರದಿ ಬಂತು. ‘ನಡಿಗೆದಾರರಿಗೆ ಸ್ಪಷ್ಟ ಎಚ್ಚರಿಕೆ ನೀಡದ ಕಾರ್ಮಿಕನ ನಿರ್ಲಕ್ಷ್ಯ.’ ಎಷ್ಟು ಚೊಕ್ಕ ಕನ್ನಡ. ಕೆಂಪು ಬಟ್ಟೆಗಿಂತ ಸ್ಪಷ್ಟವಾಗಿ ಅವನು ಇನ್ನೇನು ಮಾಡಬೇಕಿತ್ತು? ತಾನೇ ಮದ್ದಿನ ಮೇಲೆ ಮಲಗಬೇಕಿತ್ತೇ? ಸಿದ್ದರಾಜು ಮಂಡ್ಯದ ಆಸ್ಪತ್ರೆಯಲ್ಲಿದ್ದಾನೆ. ದವಡೆಗೆ ತಂತಿ ಬಿಗಿದಿದ್ದಾರೆ, ಗಂಜಿಯನ್ನು ಕೊಳವೆಯಲ್ಲಿ ಹೀರುತ್ತಾನೆ. ಮಂಚದ ಬುಡದಲ್ಲಿ ಪೊಲೀಸಿನವರು ಕುಳಿತಿದ್ದಾರೆ, ಬಾಯಿ ಬಂದ ದಿನ ಕರೆದೊಯ್ಯುವುದಕ್ಕೆ. ಹೊಡೆದವನು ನಾನು ಎಂದು ಠಾಣೆಗೆ ಹೋಗಿ ಹೇಳಿದೆ. ಗುಂಪಿನಲ್ಲಿ ಆದದ್ದು ಬಿಡಿ, ಸಾಹೇಬರ ವರದಿ ಬಂದಾಗಿದೆ ಎಂದು ಟೀ ಕುಡಿಸಿ ಕಳಿಸಿದರು.

ಶಿವರಾಮುವಿನ ಹೆಂಡತಿ ಮರಿತಾಯಮ್ಮ ಮೊನ್ನೆ ಅಂಗಡಿಗೆ ಬಂದಿದ್ದರು. ಅವರ ಮುಂದೆ ಎಲ್ಲವನ್ನೂ ಹೇಳಿದೆ, ಹಳದಿಯ ಮಾತನ್ನೂ, ನಾಲ್ಕು ಏಟನ್ನೂ. ಆಮೇಲೆ, “ನಮ್ಮೋರು ಸತ್ತುದ್ದಕ್ಕೆ ಅವನ್ಯಾಕೆ ಜೈಲಿಗೋಗ್ಬೇಕು ನಿಜಾಮಣ್ಣ? ನೀವು ಬರೀರಿ,” ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ಪರಿಹಾರ ಬೇಡ, ಸಂತಾಪದ ಹಾರವೂ ಬೇಡ. ಆ ವರದಿಯನ್ನು ಹಿಂದಕ್ಕೆ ಪಡೆದು, ಕೆಂಪು ಬಣ್ಣದ ಆದೇಶಕ್ಕೆ ಸಹಿ ಹಾಕಿದವರ ಹೆಸರನ್ನು ಅದರಲ್ಲಿ ಬರೆಯಿರಿ. ಸಿದ್ದರಾಜುವನ್ನು ಬಿಡಿಸಿ. ಹೊಡೆದವರ ಪಟ್ಟಿಯಲ್ಲಿ ನನ್ನ ಹೆಸರನ್ನು ಮೊದಲು ಹಾಕಿ, ನಾನು ಎಲ್ಲಿಗೂ ಓಡುವುದಿಲ್ಲ. ಮರಗಳ ಮೇಲೆ ಇನ್ನೂ ನೇತಾಡುತ್ತಿರುವ ನಿಮ್ಮ ಇನ್ನೂರು ಬಾವುಟಗಳನ್ನು ನಿಮ್ಮ ಕೈಯಿಂದಲೇ ಬಿಚ್ಚಿ. ಅಲ್ಲಿಯವರೆಗೆ ದಿನಾ ಒಂದು ಗಂಟೆಗೆ ಆ ಗುಡ್ಡದಲ್ಲಿ ಬಂಡೆ ಸಿಡಿಯುತ್ತಲೇ ಇರುತ್ತದೆ. ಬರುವಾಗ ಜೀಪು ಬೇಡ, ಬಸ್ಸಿನಲ್ಲೇ ಬನ್ನಿ. ದಾರಿ ಎರಡಾಗುವಲ್ಲಿ ಕೆಂಪು ಕಂಡರೆ ಅದು ನಿಮ್ಮದೋ ಸಿದ್ದರಾಜುವಿನದೋ ಎಂದು ನನ್ನನ್ನು ಕೇಳಬೇಡಿ.

ಇಂತಿ,
ಎರಡನ್ನೂ ಹೊಲಿದು, ಒಂದರ ಕೋಲಿನಿಂದ ನಿರಪರಾಧಿಯನ್ನು ಹೊಡೆದ
ನಿಜಾಮುದ್ದೀನ್, ದರ್ಜಿ, ಮಳವಳ್ಳಿ