ಎಂಟು ಯಂತ್ರಗಳಲ್ಲಿ ಒಬ್ಬಳೇ ಕಾವೇರಿ

ಸರ್ವರ್ ಸಂಸ್ಥಾನಾಧೀಶ್ವರ, ಸಕಲ ಫೋಲ್ಡರ್ ಸಂರಕ್ಷಕ, ಪಾಸ್‌ವರ್ಡ್ ಪ್ರದಾತ, ಮೂರನೇ ಮಹಡಿಯ ಏಕೈಕ ಏಸಿ ಕೋಣೆಯ ನಿತ್ಯನಿವಾಸಿ, ನಮ್ಮ ಕಚೇರಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರ ದಿವ್ಯ ಸನ್ನಿಧಾನಕ್ಕೆ, ಎರಡನೇ ಮಹಡಿಯ ಡೇಟಾ ಎಂಟ್ರಿ ಗುಮಾಸ್ತನೊಬ್ಬನು ಕೀಬೋರ್ಡನ್ನು ಬದಿಗಿಟ್ಟು, ಚಪ್ಪಲಿಯನ್ನು ಹೊರಗೆ ಬಿಟ್ಟು ಮಾಡಿಕೊಳ್ಳುವ ಬಹಿರಂಗ ಅರಿಕೆ.

ಮಾನ್ಯರೇ,

ತಾವು ಕಾವೇರಿಯವರನ್ನು ಕೆಲಸದಿಂದ ತೆಗೆದದ್ದು ಅನ್ಯಾಯ. ಇಷ್ಟನ್ನೇ ಬರೆದು ಮುಗಿಸಬಹುದಿತ್ತು. ಆದರೆ ತಮಗೆ ಒಂದೇ ಸಾಲು ಓದಿ ತೀರ್ಪು ಕೊಡುವ ಅಭ್ಯಾಸವಿರುವುದರಿಂದ ಬೇಕೆಂದೇ ಉದ್ದವಾಗಿ ಬರೆಯುತ್ತಿದ್ದೇನೆ. ಒಂದು ಪ್ರತಿಯನ್ನು ಕ್ಯಾಂಟೀನಿನ ಬೋರ್ಡಿಗೆ ಅಂಟಿಸಿದ್ದೇನೆ, ಇನ್ನೊಂದು ನಮ್ಮ ಬಡಾವಣೆಯ ವಾರಪತ್ರಿಕೆಗೆ ಹೋಗಿದೆ. ತಮ್ಮ ಸರ್ವರಿನಲ್ಲಿ ಮಾತ್ರ ಇಡಲಿಲ್ಲ. ಅಲ್ಲಿ ಇಟ್ಟದ್ದು ಉಳಿಯುವುದಿಲ್ಲವೆಂದು ಈಚೆಗೆ ಎಲ್ಲರಿಗೂ ತಿಳಿದಿದೆ.

ಪತ್ರಿಕೆಯ ಓದುಗರಿಗಾಗಿ ಎರಡು ಮಾತು. ಇಂದಿರಾನಗರದ ನಮ್ಮ ಕಚೇರಿಯಲ್ಲಿ ಒಂದು ಆಸ್ಪತ್ರೆಯ ಹಳೆಯ ರೋಗಿಗಳ ಕಾಗದಗಳನ್ನು ನೋಡಿ ಕಂಪ್ಯೂಟರಿಗೆ ಟೈಪ್ ಮಾಡುತ್ತೇವೆ. ಎಂಟು ಜನ, ಎಂಟು ಯಂತ್ರ. ಟೈಪ್ ಮಾಡಿದ್ದೆಲ್ಲ ಒಂದೇ ಸರ್ವರಿನಲ್ಲಿ, ಎಲ್ಲರಿಗೂ ಸೇರಿದ ಜಾಗದಲ್ಲಿ ಕೂಡುತ್ತದೆ. ಈ ವರ್ಷ, ಅಂದರೆ ೨೦೦೪ರ ಜುಲೈ ಕೊನೆಯ ಶುಕ್ರವಾರ, ನಮ್ಮ ಹತ್ತೊಂಬತ್ತು ದಿನದ ಕೆಲಸವಿದ್ದ ಫೋಲ್ಡರು ಮಾಯವಾಯಿತು. ಅದೇ ವಾರ ತಾವು, ಸರ್ವರಿನಿಂದ ಯಾರು ಏನನ್ನು ಅಳಿಸಿದರೆಂದು ಬರೆದಿಡುವ ಹೊಸ ಸಾಫ್ಟ್‌ವೇರ್ ಕಾವಲನ್ನು ಕೂರಿಸಿದ್ದಿರಿ. ಕಾವಲು ಬರೆದುಕೊಟ್ಟ ಹಾಳೆಯಲ್ಲಿ ಒಂದು ಸಾಲು: ಹನ್ನೊಂದು ಗಂಟೆ ನಲವತ್ತೆರಡು ನಿಮಿಷ, ಏಳನೇ ಯಂತ್ರ, ಹೆಸರು ಕಾವೇರಿ. ಆ ಹಾಳೆಯನ್ನು ಕೈಯಲ್ಲಿ ಹಿಡಿದು ತಾವು ಮೆಟ್ಟಿಲಿಳಿದು ಬಂದ ಗಾಂಭೀರ್ಯಕ್ಕೆ ಹಿಂದೆ ಒಂದು ಬ್ಯಾಂಡ್‌ಸೆಟ್ಟು ಮಾತ್ರ ಕಡಿಮೆಯಿತ್ತು.

ನಮ್ಮೆಲ್ಲರನ್ನೂ ನಿಲ್ಲಿಸಿಕೊಂಡು ವಿಚಾರಣೆ ನಡೆಸಿದಿರಿ.

"ಓದಮ್ಮಾ, ಯಾರ ಹೆಸರಿದೆ ಇಲ್ಲಿ?"

"ನಂದೇ ಅದರಿ ಸರ್."

"ಮತ್ತೆ?"

"ನಾ ಅಳಿಸಿಲ್ರಿ. ನಾ ಮೂರನೇ ಮಷೀನಿನ್ಯಾಗ ಕುಂತಿದ್ದೆ."

"ಓಹೋ. ಹಾಗಾದ್ರೆ ನಿನ್ನ ದೆವ್ವ ಬಂದು ಡಿಲೀಟ್ ಮಾಡ್ತಾ?"

ಎಲ್ಲರೂ ನಕ್ಕೆವು. ದೊಡ್ಡವರು ತಮಾಷೆ ಮಾಡಿದಾಗ ನಗುವುದು ನಮ್ಮ ನೇಮಕಾತಿ ಪತ್ರದಲ್ಲಿಲ್ಲದ ಷರತ್ತು. ಕಾವೇರಿಯಕ್ಕ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ನೆಲ ನೋಡಿದರು.

ಈಗ ಆ ದೆವ್ವದ ವಿಷಯಕ್ಕೆ ಬರುತ್ತೇನೆ. ಕಾವೇರಿಯಕ್ಕ ಯಾದಗಿರಿ ಕಡೆಯವರು. ಗಂಡ ಚಂದ್ರಾಮಪ್ಪನವರಿಗೆ ಮಾರತ್ತಹಳ್ಳಿಯ ಆಚೆ ಕಟ್ಟಡದ ಕೆಲಸ. ಕೆ.ಆರ್. ಪುರದ ಅವರ ಬಾಡಿಗೆ ಕೋಣೆಯಿಂದ ಆತ ಆರಕ್ಕೇ ಹೊರಡುತ್ತಾರೆ, ಈಕೆ ಅವರ ಹಿಂದೆಯೇ ಬಸ್ಸು ಹತ್ತುತ್ತಿದ್ದರು. ಎಂಟು ಗಂಟೆಯ ಕೆಲಸಕ್ಕೆ ಏಳು ಕಾಲಿಗೇ ಹಾಜರು. ನಮ್ಮ ಯಂತ್ರಗಳ ಯೋಗ್ಯತೆ ತಮಗೆ ತಿಳಿಯದ್ದಲ್ಲ. ಗುಂಡಿ ಒತ್ತಿದ ಮೇಲೆ ಕಣ್ಣು ಬಿಡಲು ಅವಕ್ಕೆ ಐದು ನಿಮಿಷ ಬೇಕು, ಎಂಟನ್ನೂ ಒಟ್ಟಿಗೆ ಎಬ್ಬಿಸಿದರೆ ಸರ್ವರು ಮುನಿಸಿಕೊಂಡು ಮಲಗುತ್ತದೆ. ಆದ್ದರಿಂದ ಕಾವೇರಿಯಕ್ಕ ದಿನವೂ ಒಂದಾದ ಮೇಲೆ ಒಂದರಂತೆ ಎಂಟು ಯಂತ್ರಗಳನ್ನೂ ಆನ್ ಮಾಡಿ, ಕಾವೇರಿ ಎಂಬ ತಮ್ಮದೇ ಹೆಸರು, ಪಾಸ್‌ವರ್ಡ್ ಹಾಕಿ ಸಿದ್ಧವಾಗಿಡುತ್ತಿದ್ದರು. ನಾವು ಬಂದು ಕೂತು ಟೈಪ್ ಮಾಡುವುದಷ್ಟೇ. "ಹ್ಯಾಂಗೂ ಲಗೂ ಬಂದಿರ್ತೀನಲ್ರಿ, ನಿಮಗ್ಯಾಕ ಕಾಯೋ ತ್ರಾಸು" ಎನ್ನುತ್ತಿದ್ದರು. "ಅಕ್ಕ ಇದ್ರೆ ಬಿಡಿ, ಟೀ ಕುಡ್ಕೊಂಡೇ ಬರ್ಬೋದು" ಎನ್ನುತ್ತಿದ್ದಳು ನಮ್ಮ ಧನಲಕ್ಷ್ಮಿ. ಎರಡು ವರ್ಷದಿಂದ ಎರಡನೇ ಮಹಡಿಯಲ್ಲಿ ಕೆಲಸ ಮಾಡಿದವರೆಲ್ಲರೂ ತಮ್ಮ ದಾಖಲೆಯ ಪ್ರಕಾರ ಕಾವೇರಿಯರೇ. ನಾನೂ ಕಾವೇರಿ. ಮೀಸೆ ಬಿಟ್ಟ ಕಾವೇರಿ.

ಸ್ವಾಮಿ, ಆ ಹಾಳೆಯ ಉಳಿದ ಸಾಲುಗಳನ್ನು ತಾವು ಓದಿದಿರಾ? ಆ ಶುಕ್ರವಾರ ಹನ್ನೊಂದರಿಂದ ಹನ್ನೆರಡರೊಳಗೆ ಕಾವೇರಿ ಎಂಬ ಒಬ್ಬಳೇ ಹೆಂಗಸು ಎಂಟೂ ಯಂತ್ರಗಳಲ್ಲಿ ಹಾಡು, ಹಬ್ಬದ ಫೋಟೋ, ಯಾರದೋ ಮದುವೆಯ ಕರೆಯೋಲೆ ಎಲ್ಲವನ್ನೂ ಅಳಿಸಿದ್ದಾಳೆ. ಎಂಟು ಕೈಯ ದೇವಿಯನ್ನು ಹಲಸೂರಿನ ಗುಡಿಗಳಲ್ಲಿ ಕಂಡು ಕೈ ಮುಗಿದಿದ್ದೇನೆ. ಎಂಟು ಕುರ್ಚಿಯ ಮೇಲೆ ಒಮ್ಮೆಗೇ ಕೂರುವ ದೇವಿಯನ್ನು ಕಂಡು, ಆಕೆಗೆ ಕೈ ಮುಗಿಯುವುದು ಬಿಟ್ಟು ಕೆಲಸದಿಂದ ತೆಗೆದ ಮೊದಲ ಭಕ್ತರು ತಾವೇ ಇರಬೇಕು.

ಆ ದಿನ ಎಲ್ಲರೂ ಏಕೆ ಅಳಿಸುತ್ತಿದ್ದರು? ತಮ್ಮ ಸುತ್ತೋಲೆಯಿಂದ. "ಸರ್ವರಿನಲ್ಲಿ ಸ್ವಂತದ ಹಾಡು, ಚಿತ್ರಗಳನ್ನು ಇಟ್ಟಿರುವವರು ಶುಕ್ರವಾರ ಮಧ್ಯಾಹ್ನದೊಳಗೆ ತೆಗೆಯತಕ್ಕದ್ದು, ತಪ್ಪಿದಲ್ಲಿ ಕ್ರಮ." ಎಂಟು ಜನ ಹೆದರಿ ಒಟ್ಟಿಗೇ ಗುಡಿಸಲು ನಿಂತರೆ ಕಸದ ಜೊತೆಗೆ ಒಂದು ಒಳ್ಳೆಯ ವಸ್ತುವೂ ಹೋಗಬಹುದೆಂದು ತಮ್ಮ ಕೋಣೆಯ ತಂಪಿನಲ್ಲಿ ಹೊಳೆಯಲಿಲ್ಲವೇ? ಹೋದರೂ ಮರಳಿ ತರಲು ಇನ್ನೊಂದು ಪ್ರತಿ ತಮ್ಮ ಬಳಿ ಇರಬೇಕಿತ್ತಲ್ಲ? ಅಳಿಸಿದವರನ್ನು ಹಿಡಿಯುವ ಕಾವಲಿಗೆ ಪುರುಸೊತ್ತಿತ್ತು, ಪ್ರತಿ ತೆಗೆದಿಡಲು ಇರಲಿಲ್ಲ. ಈ ತಪ್ಪು ಮಾತ್ರ ಯಾವ ಹಾಳೆಯಲ್ಲೂ ಯಾರ ಹೆಸರಲ್ಲೂ ಮುದ್ರಣವಾಗಲಿಲ್ಲ.

ನಾವು ಏಳು ಜನ ಏಕೆ ಬಾಯಿ ಬಿಡಲಿಲ್ಲವೆಂದು ತಾವು ಕೇಳಬಹುದು. ಇನ್ನೊಬ್ಬರ ಹೆಸರಿನಲ್ಲಿ ಕೆಲಸ ಮಾಡಿ ಸಿಕ್ಕಿಬಿದ್ದವರಿಗೆ ಅಂದೇ ವಿದಾಯ ಎಂದು ಗೋಡೆಗೆ ಅಂಟಿಸಿದವರು ತಾವು. ಆ ಕಾಗದದ ಕೆಳಗೇ ನಿಂತಿದ್ದೆವು. ಕಾವೇರಿಯಕ್ಕನೂ ನಿಂತಿದ್ದರು. ಚೀಲ ತೆಗೆದುಕೊಂಡು ಹೊರಟಾಗ ಗೇಟಿನ ಬಳಿ ಧನಲಕ್ಷ್ಮಿ ಅಳುತ್ತಾ, "ಯಾಕಕ್ಕಾ ಹೇಳ್ಲಿಲ್ಲ, ಎಲ್ರೂ ನಿಮ್ಮ ಹೆಸ್ರಲ್ಲೇ ಕೂರ್ತಾರೆ ಅಂತ?" ಎಂದಳು.

"ಹೇಳಿದ್ರ ಎಂಟೂ ಮಂದೀದು ಹೋಗ್ತಿತ್ತಲ್ಲವ್ವಾ. ಈಗ ಒಂದೇ ಹೋಯ್ತು."

ನಮ್ಮ ಕಚೇರಿಯಲ್ಲಿ ಸರಿಯಾಗಿ ಯೋಚಿಸಬಲ್ಲ ಒಂದೇ ತಲೆಯನ್ನು ತಾವು ಹೀಗೆ ಅಳಿಸಿದಿರಿ.

ಕೆಲಸ ಹೋದದ್ದಷ್ಟೇ ಆಗಿದ್ದರೆ ಅವರು ಇನ್ನೊಂದನ್ನು ಹುಡುಕಿಕೊಳ್ಳುತ್ತಿದ್ದರು. ಅವರಷ್ಟು ವೇಗವಾಗಿ, ತಪ್ಪಿಲ್ಲದೆ ಟೈಪ್ ಮಾಡುವವರು ಈ ಕಡೆ ಕಡಿಮೆ. ಆದರೆ ತಾವು ಅನುಭವ ಪತ್ರದಲ್ಲಿ "ಉದ್ದೇಶಪೂರ್ವಕವಾಗಿ ದಾಖಲೆ ನಾಶ ಮಾಡಿದ್ದರಿಂದ ಬಿಡುಗಡೆ" ಎಂದು ಬರೆದು ಮೊಹರು ಒತ್ತಿದಿರಿ. ದೊಮ್ಮಲೂರಿನ ಒಂದು ಕಚೇರಿಯಲ್ಲಿ ಅದನ್ನು ಓದಿ, ಕುಡಿಯಲು ಕೊಟ್ಟ ನೀರು ಮುಗಿಯುವ ಮೊದಲೇ ಹೊರಗೆ ಕಳಿಸಿದರಂತೆ. ಇನ್ನೊಂದು ಕಡೆ ಗೇಟಿನವನ ಕೈಯಲ್ಲೇ ಕಾಗದ ವಾಪಸ್ಸು ಬಂತು. ಹೋದ ವಾರ ಕೆ.ಆರ್. ಪುರದ ಕೋಣೆಗೆ ಹೋಗಿದ್ದೆ. ಬೀಗವಿತ್ತು. ಕಾವೇರಿಯಕ್ಕ ಗಂಡನ ಜೊತೆ ಸಿಮೆಂಟು ಹೊರಲು ಹೋಗುತ್ತಿದ್ದಾರೆಂದು ಪಕ್ಕದ ಮನೆಯ ಸಾಬಮ್ಮ ಹೇಳಿದರು. ಕೀಬೋರ್ಡು ನೋಡದೆ ಓಡುತ್ತಿದ್ದ ಆ ಬೆರಳುಗಳನ್ನು ನೆನೆದು ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎಲ್ಲದಕ್ಕೂ ತಮಾಷೆ ಮಾಡುವ ನನಗೆ ಒಂದು ತಮಾಷೆಯೂ ಹೊಳೆಯಲಿಲ್ಲ.

ಆದುದರಿಂದ ಸನ್ನಿಧಾನದಲ್ಲಿ ಕೇಳಿಕೊಳ್ಳುವುದಿಷ್ಟು. ಆ ಹಾಳೆಯನ್ನು ಪೂರ್ತಿ ಓದಿ. ಮೊಹರು ಒತ್ತಿದ ಆ ಸುಳ್ಳನ್ನು ಹಿಂತೆಗೆದುಕೊಳ್ಳಿ. ಕಾವೇರಿಯವರನ್ನು ಮರಳಿ ಕರೆಯಿರಿ. ಕರೆಯಲು ತಾವೇ ಹೋಗಿ, ಸುತ್ತೋಲೆ ಕಳಿಸಬೇಡಿ.

ಇಂತಿ,
ತಮ್ಮ ದಾಖಲೆಯ ಪ್ರಕಾರ ಎರಡು ವರ್ಷದಿಂದ ಕೆಲಸಕ್ಕೇ ಬಾರದ
ಮುನಿರಾಜ್, ಎರಡನೇ ಮಹಡಿ

ಮರೆತಿದ್ದೆ, ಇನ್ನೊಂದು. ಆ ಶುಕ್ರವಾರ ಏಳನೇ ಯಂತ್ರದ ಮುಂದೆ ಕೂತಿದ್ದವನು ನಾನು. ನನ್ನ ಕೈಯಿಂದಲೇ ನನ್ನ ಹಾಡುಗಳ ಜೊತೆಗೆ ಪಕ್ಕದ ಆ ಫೋಲ್ಡರೂ ಹೋದದ್ದನ್ನು ಕಣ್ಣಾರೆ ನೋಡಿದೆ. ಕೆಲಸ ಹೋದ ಸಂಜೆ ಕಾವೇರಿಯಕ್ಕನನ್ನು ಬಸ್ಸು ಹತ್ತಿಸಲು ಹೋಗಿದ್ದೆ. ಅವರು ಕೇಳಿದರು: "ಫಾರಂ ತೋರ್ಸಾಕ ನಿನ್ನ ಮಷೀನಿಗೆ ಒಮ್ಮೆ ಬಂದಿದ್ನಲ್ಲ ತಮ್ಮಾ, ಆವಾಗ ನಂದೇ ಕೈ ತಾಕಿ ಹೋಗ್ಯಾದೇನು?"

"ಇರಬಹುದು ಅಕ್ಕಾ" ಎಂದೆ.