ಮೂಳೆಯ ವೇಷ ತೊಟ್ಟ ಲೋಹ

ಭಾನುವಾರ, ಮಾರ್ಚ್ ೧೪

ಮುಂದಿನ ಬೆಂಚಿನವರೇ, ಹಿಂದೆ ನಿಂತವರೇ, ಗೋಡೆಗೊರಗಿ ಸಿಳ್ಳೆ ಹೊಡೆಯುವ ಮಹನೀಯರೇ, ಕಿವಿಗೊಟ್ಟು ಕೇಳಿ!

"ಒಂದು ಕಾಗದ ಬರೆಯೋಕೂ ಇಷ್ಟು ಕೂಗಬೇಕೇನ್ರೀ? ಪಕ್ಕದ ಮನೆಯವರು ಕಿಟಕಿ ಮುಚ್ಕೊಂಡ್ರು" ಅಂತ ನಿನ್ನಮ್ಮ ಅಡುಗೆಮನೆಯಿಂದ ಗೊಣಗುತ್ತಿದ್ದಾಳೆ. ಇರಲಿ. ಸಭೆ ಎಷ್ಟೇ ದೊಡ್ಡದಿರಲಿ, ಕೇಳಬೇಕಾದವಳು ನೀನೊಬ್ಬಳೇ, ಮಗಳೇ. ಹನ್ನೊಂದು ತಿಂಗಳು ತಡವಾಗಿ ಬರೆಯುತ್ತಿದ್ದೇನೆ. ಕ್ಷಮಿಸು.

ಸ್ಟೇಜಿನಿಂದ ಬಿದ್ದು ಸೊಂಟದ ಕೀಲು ಮುರಿದುಕೊಂಡದ್ದು, ಲೋಹದ ಕೀಲು ಹಾಕಿಸಿಕೊಂಡದ್ದು ಅಮ್ಮನ ಫೋನಿನಿಂದಲೇ ನಿನಗೆ ಗೊತ್ತು. ಮೂಳೆ ಆ ಲೋಹವನ್ನು ಹಿಡಿದುಕೊಳ್ಳದಿದ್ದರೆ ಮತ್ತೆ ಕೊಯ್ಯಬೇಕು, ಆಮೇಲೆ ನಡಿಗೆಯ ಆಸೆ ಬಿಡಬೇಕು ಅಂದಿದ್ದರು. ಮೂರು ತಿಂಗಳು ಜೀವ ಬಾಯಿಗೆ ಬಂದಿತ್ತು. ನಿನ್ನೆ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಯಜಮಾನ್ರೇ, ಮೂಳೆಗೂ ಲೋಹಕ್ಕೂ ಮಧ್ಯೆ ಗೆರೆ ಕಾಣುತ್ತಾ?" ಅಂದರು. "ಇಲ್ಲ" ಅಂದೆ. "ಹಾಗಾದ್ರೆ ಗೆದ್ರಿ. ಕೋಲು ಬಿಸಾಕಿ!"

ಬೆರಗಾಗಿ ನಿಂತೆ ಕಣೇ! ನನ್ನೊಳಗಿನ ಕೀಲಿಗೂ ನಿನ್ನ ಫ್ಯಾಕ್ಟರಿಯಲ್ಲಿ ನೀವು ಹಾಕುವಂಥ ಲೇಪವೇ ಇದೆಯಂತೆ. ಮೂಳೆಯಲ್ಲಿರುವಂಥದೇ ಸುಣ್ಣದ ಪುಡಿಯನ್ನು ಉರಿಯಲ್ಲಿ ಕರಗಿಸಿ, ಲೋಹದ ಮೇಲೆ ಕೂದಲೆಳೆಯಷ್ಟು ದಪ್ಪಕ್ಕೆ ಸಿಂಪಡಿಸುತ್ತೀರಿ. ಅದನ್ನು ಕಂಡ ಮೂಳೆ, ಇವನು ನಮ್ಮವನೇ ಅಂತ ಬೆಳೆದು ಬಂದು ಅಪ್ಪಿಕೊಳ್ಳುತ್ತದೆ! ನಲವತ್ತು ವರ್ಷ ಮುಖಕ್ಕೆ ಬಣ್ಣ ಬಳಿದವನು ನಾನು. ನನ್ನನ್ನು ರಾಜ ಅಂತ ಜನ ನಂಬಿದ್ದು ಪರದೆ ಬೀಳುವವರೆಗೆ ಮಾತ್ರ. ನಿಮ್ಮ ಬಣ್ಣವನ್ನು ಮೈ ಜೀವ ಇರುವವರೆಗೂ ನಂಬುತ್ತದೆ.

ಆ ಕೆಲಸದ ಘನತೆ ತಿಳಿಯದೆ, ಹನ್ನೊಂದು ತಿಂಗಳ ಹಿಂದೆ ನಿನ್ನ ಫ್ಯಾಕ್ಟರಿ ನೋಡಲು ಬಂದಾಗ, ಆಗತಾನೇ ಸಿದ್ಧವಾದ ಬೆಳ್ಳನೆಯ ಕೀಲನ್ನು ಬರಿಗೈಯಲ್ಲಿ ಎತ್ತಿ ರಾಜದಂಡದ ಹಾಗೆ ತಿರುಗಿಸಿದೆ. "ಕೆಳಗಿಡಿ! ಬೆರಳಿನ ಜಿಡ್ಡು ತಾಗಿದ್ರೆ ಮೂಳೆ ಹಿಡಿಯಲ್ಲ!" ಅಂತ ನೀನು ಎಲ್ಲರ ಮುಂದೆ ಗದರಿ, ಅದನ್ನು ತಿರಸ್ಕರಿಸಿದ ಮಾಲಿನ ಪೆಟ್ಟಿಗೆಗೆ ಹಾಕಿದೆ. ನಾನು ಮುಖ ಊದಿಸಿಕೊಂಡು ಹೊರಟುಬಂದೆ. ಅದು ಯಾರದೋ ಕಾಲಾಗಬೇಕಿತ್ತು, ಮಗಳೇ. ತಪ್ಪು ನನ್ನದು.

ನಿನ್ನ ಕೈಯಿಂದ ಇನ್ನೂ ಸಾವಿರ ಜನ ಎದ್ದು ನಡೆಯಲಿ.

ನಿನ್ನ ಅಪ್ಪ

ತಾ.ಕ.: ಇಷ್ಟು ದಿನ ನಿನ್ನ ಜೊತೆ ನಾನು ಮಾತು ಬಿಡುವಂತೆ ಮಾಡಿದ್ದು ಆ ಗದರಿಕೆ ಅಲ್ಲ. ಅವತ್ತು ನಿನ್ನ ಜೊತೆ ಕೆಲಸದವಳು "ಯಾರೇ ಅದು?" ಅಂದಾಗ, "ಯಾರೋ, ನೋಡೋಕೆ ಬಂದವರು" ಅಂದೆಯಲ್ಲ, ಅದು. ನೀನು ಸುಳ್ಳಾಡಲಿಲ್ಲ. ನಾಟಕ ಕಂಪನಿಯ ಹಿಂದೆ ಊರೂರು ಸುತ್ತುತ್ತಾ, ನೀನು ಬೆಳೆಯುವಾಗ ವರ್ಷಕ್ಕೆರಡು ಸಲ ಬಂದು ನೋಡಿಹೋದವನು ನಾನು. ಈ ಕಾಗದ ಅಂಚೆಗೆ ಹಾಕುವುದಿಲ್ಲ, ನಾನೇ ತರುತ್ತೇನೆ. ನಾಳೆ ಬೆಳಿಗ್ಗೆ ಕೋಲಿಲ್ಲದೆ ನಡೆದು ಬಂದು, ನಿಮ್ಮ ಫ್ಯಾಕ್ಟರಿ ಗೇಟಿನ ಪುಸ್ತಕದಲ್ಲಿ 'ಯಾರನ್ನು ನೋಡಬೇಕು' ಅನ್ನುವ ಕಡೆ 'ಮಗಳನ್ನು' ಅಂತ ಬರೆದು, ನೀನು ಒಳಗೆ ಕರೆಯುವವರೆಗೂ ಹೊರಗೆ ನಿಂತಿರುತ್ತೇನೆ.